ಬಂಟನ ಕಾರ್ಡು ಎಡಗಡೆಯವರ ಕೈಗೆ: ನಮ್ಮ ಟೇಬಲ್ಲಿನ ಅನುಭವ

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಅಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ನಡೆಸೋ ಆಟ. ಅದರಲ್ಲಿ ಪಾರ್ಟಿ (ಪ್ಲೇಯರ್‌ಗಳ ಪಾತ್ರಗಳ ತಂಡ) ಜೊತೆ ಬಂಟರನ್ನು, ಅಂದರೆ ಸಂಬಳಕ್ಕೆ ಬರೋ ಆಳುಗಳನ್ನು ಸೇರಿಸಿದರೆ ಆಟ ಕೆಡುತ್ತೆ ಅಂತ ನನಗೆ ಹೇಳಿದ ಡಿಎಂಗಳು (ಆಟ ನಡೆಸೋರು) ಒಬ್ಬಿಬ್ಬರಲ್ಲ. ಫೈಟ್ ಎಳೆಯುತ್ತೆ, ಪ್ಲೇಯರ್‌ಗಳು ಪಂಜು ಹಿಡಿಯೋನನ್ನು ಟ್ರ್ಯಾಪ್ ಮೇಲೆ ತಳ್ಳುತ್ತಾರೆ, ಡಿಎಂ ನಾಲ್ಕು ದನಿಯಲ್ಲಿ ತನ್ನ ಜೊತೆ ತಾನೇ ಮಾತಾಡುತ್ತಾ ಕೂತಿರುತ್ತಾನೆ ಅಂತ. ಈಗ ಬೆಂಗಳೂರಿನ ನಮ್ಮ ಟೇಬಲ್ಲಿನಲ್ಲಿ ನಾಲ್ವರು ಪ್ಲೇಯರ್‌ಗಳು, ಅವರ ಬೆನ್ನಿಗೆ ಆರೇಳು ಬಂಟರು. ಹೆಚ್ಚುಕಡಿಮೆ ಎರಡು ವರ್ಷದಿಂದ ಒಂದೇ ಕ್ಯಾಂಪೇನ್, ಅಂದರೆ ಮುಂದುವರಿಯೋ ಒಂದೇ ಕಥೆ. ದೊಡ್ಡ ಫೈಟೂ ಮುಕ್ಕಾಲು ಗಂಟೆಗೆ ಮುಗಿಯುತ್ತೆ. ಆಗ ಬೇಡ ಅಂದವರಲ್ಲಿ ಇಬ್ಬರು ಇದೇ ಪದ್ಧತಿಯನ್ನು ತಮ್ಮ ಟೇಬಲ್ಲಿಗೂ ತಗೊಂಡು ಹೋಗಿದ್ದಾರೆ. ಉಳಿದವರಿಗೂ ಸಿಗಲಿ ಅಂತ ಬರೆಯುತ್ತಿದ್ದೇನೆ.

ನಾವು ಆಡೋದು ಡಿ ಅಂಡ್ ಡಿ ಐದನೇ ಎಡಿಷನ್, 2014ರ ನಿಯಮ. ಪಾರ್ಟಿಯಲ್ಲಿ ಪಾಲಡಿನ್ (ಧರ್ಮಯೋಧ), ರೋಗ್ (ಕಳ್ಳ), ರೇಂಜರ್ (ಕಾಡಿನ ಬೇಟೆಗಾರ), ಬಾರ್ಡ್ (ಹಾಡುಗಾರ). ಬೆಂಕಿ ಮಂತ್ರ ಗೊತ್ತಿರೋರು ಒಬ್ಬರೂ ಇಲ್ಲ. ಈ ಮಾತು ಮುಂದೆ ಬೇಕಾಗುತ್ತೆ.

ಮೊದಲು ಕೈಕೊಟ್ಟ ಪದ್ಧತಿಗಳ ಬಗ್ಗೆ ಹೇಳಿಬಿಡುತ್ತೇನೆ. ಬಂಟರನ್ನೆಲ್ಲ ನಾನೇ ಆಡಿಸಿದ ತಿಂಗಳುಗಳಲ್ಲಿ ಒಂದು ಫೈಟ್ ಒಂದೂವರೆ ಗಂಟೆ ಹಿಡಿಯುತ್ತಿತ್ತು. ತಮ್ಮ ಸರದಿ ಬರೋವರೆಗೆ ಎಲ್ಲರೂ ಫೋನ್ ನೋಡೋರು. ಆಮೇಲೆ ಯಾರ ಬಂಟನೋ ಅವರೇ ಆಡಿಸಲಿ ಅಂತ ಬಿಟ್ಟೆ. ವೇಗ ಬಂತು, ಆದರೆ ಬಂಟ ಹೋದ. ಅವನಿಗೆ ಭಯ ಇಲ್ಲ, ಹಸಿವು ಇಲ್ಲ, ಒಡೆಯ ಹೇಳಿದ್ದಕ್ಕೆಲ್ಲ ಹೂಂ. ಒಂದೇ ಸಂಜೆಯಲ್ಲಿ ಮೂವರು ಕೂಲಿಗಳು ಬಾಗಿಲು ತೆಗೆಯೋಕೆ ಹೋಗಿ ಸತ್ತರು, ಯಾರ ಮುಖದಲ್ಲೂ ಬೇಜಾರಿಲ್ಲ.

2020ರಲ್ಲಿ ಬಂದ ಸೈಡ್‌ಕಿಕ್ (ಜೊತೆಗಾರ) ನಿಯಮ ಒಂದಿದೆ. ವಾರಿಯರ್, ಎಕ್ಸ್‌ಪರ್ಟ್, ಸ್ಪೆಲ್‌ಕ್ಯಾಸ್ಟರ್ ಅಂತ ಮೂರು ಬಗೆ, ಪಾರ್ಟಿ ಜೊತೆ ಲೆವೆಲ್ಲೂ ಏರುತ್ತೆ. ಫೈಟಿಗೆ ಬಹಳ ಒಳ್ಳೆಯದು. ಅವನು ಯಾಕೆ ನಿಮ್ಮ ಜೊತೆ ಇದ್ದಾನೆ ಅನ್ನೋದಕ್ಕೆ ಅದರಲ್ಲಿ ಲೆಕ್ಕ ಇಲ್ಲ. ಡಿಎಂಗಳ ನಿಯಮಪುಸ್ತಕವಾದ ಡಿಎಂ ಗೈಡಿನಲ್ಲಿ ಲಾಯಲ್ಟಿ (ನಿಷ್ಠೆ) ಅಂತ ಐಚ್ಛಿಕ ನಿಯಮ ಇದೆಯಲ್ಲ, ಅದನ್ನೂ ನಾಲ್ಕೈದು ತಿಂಗಳು ಹಾಕಿ ನೋಡಿದೆ. ಪಾರ್ಟಿಯ ಅತಿ ಹೆಚ್ಚಿನ ಕರಿಸ್ಮಾ (ಜನರನ್ನು ಒಲಿಸೋ ಶಕ್ತಿಯ ಅಂಕ) ಎಷ್ಟೋ ಅದು ನಿಷ್ಠೆಯ ಮಿತಿ, ಅದರ ಅರ್ಧದಿಂದ ಶುರು. ಬಂಟನ ಆಸೆಗೆ ನೆರವಾದರೆ ಒಂದು ಡಿ4 (ನಾಲ್ಕು ಮುಖದ ದಾಳ) ಬಿದ್ದಷ್ಟು ಏರುತ್ತೆ, ಸ್ವಾರ್ಥಕ್ಕೆ ಕೈಬಿಟ್ಟರೆ ಎರಡು ಡಿ4 ಇಳಿಯುತ್ತೆ. ಏರಿಳಿತ ಚೆನ್ನಾಗಿದೆ. ಆದರೆ ಅದೆಲ್ಲ ನನ್ನ ಪರದೆ ಹಿಂದೆ ಪೆನ್ಸಿಲ್ಲಿನಲ್ಲೇ ಉಳಿಯಿತು. ಸೊನ್ನೆಗೆ ಬಂದಾಗ ಮಾತ್ರ ಅವನು ಬಿಟ್ಟು ಹೋಗಬಹುದು. ಅಲ್ಲಿವರೆಗೆ ಟೇಬಲ್ಲಿಗೆ ಏನೂ ಗೊತ್ತಾಗಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಇದೇ ಆಟದ 1981ರ ಬೇಸಿಕ್ ನಿಯಮದಲ್ಲಿ. ಅಲ್ಲಿ ಬಂಟನ ಮೊರಾಲ್ (ಎದೆಗಾರಿಕೆ) ಒಂದು ಸಂಖ್ಯೆ, ಎರಡು ಡಿ6 (ಆರು ಮುಖದ ದಾಳ) ಹಾಕಿ ಅದಕ್ಕಿಂತ ಜಾಸ್ತಿ ಬಿದ್ದರೆ ಓಟ. ಪರೀಕ್ಷೆ ಕಣ್ಣೆದುರೇ ಆಗುತ್ತೆ. ಏರಿಳಿತ ಹೊಸ ನಿಯಮದ್ದು, ಪರೀಕ್ಷೆ ಹಳೆಯದು ಅಂತ ಎರಡನ್ನೂ ಸೇರಿಸಿದೆ. ಹಳೆ ನಿಯಮದ ಪಟ್ಟಿಯಲ್ಲಿ ಒಡೆಯನ ಕರಿಸ್ಮಾ 9ರಿಂದ 12 ಇದ್ದರೆ ಬಂಟನ ಮೊರಾಲ್ 7, ಕರಿಸ್ಮಾ 18 ಇದ್ದರೆ 10. ಇದನ್ನು ನಾನು ಒಪ್ಪಲಿಲ್ಲ. ಈ ಸಂಖ್ಯೆಯನ್ನು ನಾನು ನಿಷ್ಠೆ ಅಂತೀನಿ, ಎಲ್ಲ ಬಂಟರೂ 7ರಿಂದಲೇ ಶುರು. ಕರಿಸ್ಮಾ ಇದ್ದೋರು ಜಾಸ್ತಿ ಜನರನ್ನು ಸೇರಿಸಿಕೊಳ್ಳಲಿ, ನಿಷ್ಠೆಯನ್ನು ದುಡಿದೇ ಗಳಿಸಲಿ. ಡಿ4 ಬಿಟ್ಟು ಒಂದೊಂದೇ ಅಂಕ ಏರಿಸುತ್ತೇನೆ, ಇಳಿಸುತ್ತೇನೆ. ಒಂದು ಅಂಕ ಅಂದರೆ ಸಣ್ಣದಲ್ಲ. ನಿಷ್ಠೆ 7 ಇದ್ದರೆ ಬಂಟ ನಿಲ್ಲೋದು ನೂರಕ್ಕೆ 58 ಸಲ. 9 ಆದರೆ 83 ಸಲ. 5ಕ್ಕೆ ಇಳಿದರೆ 28 ಸಲ ಅಷ್ಟೇ.

ಇನ್ನು ಕಾರ್ಡು. ಅವೆನ್ಯೂ ರಸ್ತೆಯಲ್ಲಿ ಖಾಲಿ ವಿಸಿಟಿಂಗ್ ಕಾರ್ಡಿನ ಕಟ್ಟು ತಂದೆ, ನೂರೈವತ್ತು ರೂಪಾಯಿ ಇರಬೇಕು. ಒಬ್ಬ ಬಂಟನಿಗೆ ಒಂದು ಕಾರ್ಡು. ಹೆಸರು, ಎಚ್‌ಪಿ (ಜೀವದ ಅಂಕ), ಎಸಿ (ಅವನಿಗೆ ಪೆಟ್ಟು ತಾಗಬೇಕಾದರೆ ಹೊಡೆಯೋನು ಮುಟ್ಟಬೇಕಾದ ಸಂಖ್ಯೆ), ಒಂದು ಆಸೆ, ಸತ್ತರೂ ಮಾಡದ ಒಂದು ಕೆಲಸ. ನಿಷ್ಠೆಯ ಸಂಖ್ಯೆ ಕಾರ್ಡಿನಲ್ಲಿ ಇರಲ್ಲ, ನನ್ನ ಹತ್ತಿರ ಇರುತ್ತೆ. ಈ ಕಾರ್ಡನ್ನು ಒಡೆಯನಿಗೆ ಕೊಡೋ ಹಾಗಿಲ್ಲ. ಒಡೆಯನ ಎಡಗಡೆ ಕೂತೋರ ಕೈಗೆ ಕೊಡಬೇಕು. ಇಡೀ ಪದ್ಧತಿ ನಿಂತಿರೋದು ಇದರ ಮೇಲೆ. ಪಾಲಡಿನ್ ಏನಾದರೂ ಅಪ್ಪಣೆ ಕೊಟ್ಟರೆ ಉತ್ತರ ಬರೋದು ಪಕ್ಕದ ಕುರ್ಚಿಯಿಂದ. 'ನೀನೇ ಮುಂದೆ ಹೋಗಪ್ಪ' ಅಂತ ಬಂಟ ಹೇಳಿದ ಮೊದಲ ದಿನವೇ ಟ್ರ್ಯಾಪ್ ಮೇಲೆ ತಳ್ಳೋದು ನಿಂತಿತು. ನನ್ನ ತಲೆ ಮೇಲಿನ ಭಾರವೂ ಇಳಿಯಿತು, ಸರದಿ ಇಲ್ಲದವರಿಗೂ ಕೆಲಸ ಸಿಕ್ಕಿತು.

ದಾಳ ಹಾಕಿಸೋದು ಮೂರೇ ಸಂದರ್ಭದಲ್ಲಿ: ನಮ್ಮ ಕಡೆ ಮೊದಲ ಸಲ ಯಾರಾದರೂ ಬಿದ್ದಾಗ, ಬಂಟನನ್ನು ಒಬ್ಬನೇ ಅಪಾಯಕ್ಕೆ ಕಳಿಸಿದಾಗ, ಸಂಬಳ ತಪ್ಪಿದಾಗ. ಅದಕ್ಕಿಂತ ಜಾಸ್ತಿ ಹಾಕಿಸಿದರೆ ಎಲ್ಲರೂ ಓಡಿ ಹೋಗಿ ಟೇಬಲ್ ಖಾಲಿ ಆಗುತ್ತೆ, ಹಾಕಿಸಿ ನೋಡಿದ್ದೇನೆ.

ಸಂಬಳದ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಐದನೇ ಎಡಿಷನ್ ಪ್ರಕಾರ ಕೆಲಸ ಬಾರದ ಕೂಲಿಗೆ ದಿನಕ್ಕೆ 2 ಬೆಳ್ಳಿ, ಕೆಲಸ ಬರೋನಿಗೆ 2 ಚಿನ್ನ. ಸಾವಿರಗಟ್ಟಲೆ ಚಿನ್ನ ಇಟ್ಟುಕೊಂಡ ಪಾರ್ಟಿಗೆ ಇದೊಂದು ಲೆಕ್ಕವೇ ಅಲ್ಲ. ನಾನು ಹಳೆ ಕಾಲದ ಅರ್ಧ ಪಾಲು ತಂದೆ. ನಾಲ್ವರು ಪ್ಲೇಯರ್‌ಗಳು, ಮೂವರು ಬಂಟರು ಒಳಗೆ ಹೋದರೆ ಐದೂವರೆ ಪಾಲು. 1100 ಚಿನ್ನ ಸಿಕ್ಕರೆ ಪ್ಲೇಯರ್‌ಗೆ 200, ಬಂಟನಿಗೆ 100. 'ಗುರು, ಪಂಜು ಹಿಡಿಯೋನಿಗೆ ನೂರಾ?' ಅಂತ ರೋಗ್ ಆಡೋಳು ಎದ್ದೇ ನಿಂತಳು. ನಾನು ಬಗ್ಗಲಿಲ್ಲ. ದುಡ್ಡು ಕೈಯಿಂದ ಹೋದಾಗಲೇ ಬಂಟ ಇದ್ದಾನೆ ಅನ್ನೋದು ಗೊತ್ತಾಗೋದು.

ಕೈಯಿಂದ ಅಂದರೆ ನಿಜವಾಗಿಯೂ ಕೈಯಿಂದ. 2011ರಲ್ಲಿ ಚಲಾವಣೆ ನಿಂತ 25 ಪೈಸೆ ನಾಣ್ಯಗಳು ಮನೆಯಲ್ಲಿ ಒಂದು ಡಬ್ಬಿ ತುಂಬ ಇದ್ದವು. ಒಂದು ನಾಣ್ಯಕ್ಕೆ ಹತ್ತು ಚಿನ್ನ. ಸೆಷನ್ ಮುಗಿದ ಮೇಲೆ ಒಡೆಯ ತನ್ನ ರಾಶಿಯಿಂದ ಎಣಿಸಿ ಬಂಟನ ಕಾರ್ಡಿನ ಮೇಲೆ ಇಡಬೇಕು. ನಾಣ್ಯ ಇಡುವಾಗ ಯಾರು ಒಂದು ಜಾಸ್ತಿ ಇಡುತ್ತಾರೆ, ಯಾರು ತಡಕಾಡುತ್ತಾರೆ ಅನ್ನೋದನ್ನು ನಾನು ಗಮನಿಸುತ್ತೇನೆ. ಅದು ನಿಷ್ಠೆಯ ಲೆಕ್ಕಕ್ಕೆ ಹೇಗೆ ಸೇರುತ್ತೆ ಅಂತ ಇಲ್ಲಿ ಬರೆಯಲ್ಲ, ನಮ್ಮ ಪ್ಲೇಯರ್‌ಗಳೂ ಇದನ್ನು ಓದುತ್ತಾರೆ. ಎರಡು ಡಿ6ರಲ್ಲಿ ಸರಿಯಾಗಿ 12 ಬಿದ್ದರೆ ನಾನೇನು ಮಾಡುತ್ತೇನೆ ಅನ್ನೋದೂ ಹಾಗೇ ಇರಲಿ.

ನನ್ನ ಸ್ವಂತ ದುಡ್ಡು ಪೋಲಾಗಿದ್ದು ಗೊಂಬೆಗಳ ಮೇಲೆ. ಬಂಟರಿಗೂ ಲೋಹದ ಮಿನಿ ಬೇಕು ಅಂತ ಹೊರದೇಶದಿಂದ ತರಿಸಿದೆ, ಒಂದೊಂದಕ್ಕೆ ಐನೂರು, ಆರುನೂರು. ಮೂರ್ನಾಲ್ಕು ಸಾವಿರ ಹೋಯಿತು. ಗೊಂಬೆ ಇದ್ದ ಬಂಟನಿಗಿಂತ ಮಾತು ಇದ್ದ ಬಂಟನೇ ಎಲ್ಲರಿಗೂ ನೆನಪಲ್ಲಿ ಉಳಿದ. ಈಗ ಸೋಡಾ ಬಾಟಲಿ ಮುಚ್ಚಳ, ಮೇಲೆ ಹೆಸರಿನ ಮೊದಲ ಅಕ್ಷರ.

ಮಾತು ಅಂದೆನಲ್ಲ, ಅದೂ ಒಂದು ಪ್ರಯೋಗ. ನಮ್ಮ ಟೇಬಲ್ಲಿನಲ್ಲಿ ನಾಲ್ಕು ಕಡೆಯ ಕನ್ನಡ ಇದೆ. ಬಂಟರಿಗೆ ಅದನ್ನೇ ಹಂಚಿದೆ. ಬಿಲ್ಲುಗಾರ ಶಿವ್ವ ಧಾರವಾಡದ ಕಡೆಯವನ ಹಾಗೆ 'ಯಜಮಾನ್ರ, ಪಗಾರದ ಮಾತು ಮೊದಲ ಆಗ್ಲಿ, ಆಮ್ಯಾಲ ಗವಿ ನೋಡೂಣು' ಅಂತಾನೆ. ಪಂಜು ಹಿಡಿಯೋ ಬೋರ ಮಂಡ್ಯದವನ ಹಾಗೆ 'ನಾನಿಲ್ಲೇ ನಿಂತ್ಕತೀನಿ ಕನ ಬುದ್ದಿ, ನೀವೋಗ್ಬನ್ನಿ' ಅಂತಾನೆ. ಕಾರ್ಡು ಕೈ ಬದಲಾದರೂ ದನಿ ಬದಲಾಗಬಾರದು ಅಂತ ಕಟ್ಟುಮಾಡಿದ್ದೇವೆ. ಪಂಜಿನ ಲೆಕ್ಕಕ್ಕೆ ಹುಣಸೆ ಬೀಜ ಇಟ್ಟಿದ್ದೂ ಕೆಲಸ ಮಾಡಿತು. ಒಂದು ಪಂಜಿಗೆ ಆರು ಬೀಜ, ಹತ್ತು ನಿಮಿಷಕ್ಕೊಂದು ತೆಗೆಯೋದು. ಹೇಸರಗತ್ತೆಗೂ ನಿಷ್ಠೆ ಇಟ್ಟು ನೋಡಿದೆ, ಅದು ಸಾಗಲಿಲ್ಲ.

ಈ ಬೋರನ ಆಸೆ ಏನು ಗೊತ್ತಾ? ಅಪ್ಪ ಅಡ ಇಟ್ಟ ಎರಡು ಎಕರೆ ಹೊಲ ಬಿಡಿಸಬೇಕು. ಪಾಲಡಿನ್ ತನ್ನ ಪಾಲಿನಿಂದ ಅದನ್ನು ಬಿಡಿಸಿಕೊಟ್ಟ, ಒಂದು ಅಂಕ. ಜ್ವರ ಬಂದಾಗ ಊರಲ್ಲಿ ಬಿಟ್ಟು ಹೋಗದೆ ಎರಡು ದಿನ ಕಾದರು, ಇನ್ನೊಂದು. ನಿಷ್ಠೆ 9.

ಆಮೇಲೆ ಸೇತುವೆ ಮೇಲೆ ಟ್ರೋಲ್ ಅನ್ನೋ ದೈತ್ಯ ಸಿಕ್ಕಿತು. ಟ್ರೋಲ್ ಪ್ರತಿ ಸರದಿಗೆ 10 ಎಚ್‌ಪಿ ವಾಪಸ್ ತಗೊಳ್ಳುತ್ತೆ, ಬೆಂಕಿ ಅಥವಾ ಆಸಿಡ್ ತಾಗಿದರೆ ಮಾತ್ರ ಒಂದು ಸರದಿ ನಿಲ್ಲುತ್ತೆ. ಇವರು ಹೊಡೆದಷ್ಟೂ ಅದು ತುಂಬಿಕೊಳ್ಳುತ್ತಿತ್ತು. ಪಾಲಡಿನ್ ಬಿದ್ದ. ಬೋರನಿಗೆ ದಾಳ. ಕಾರ್ಡು ರೋಗ್ ಆಡೋಳ ಕೈಯಲ್ಲಿ, ನೂರು ಚಿನ್ನಕ್ಕೆ ಜಗಳ ಆಡಿದ್ದಳಲ್ಲ, ಅವಳೇ. 5 ಬಿತ್ತು, ಇನ್ನೊಂದು ದಾಳ ತಟ್ಟೆ ಅಂಚಿಗೆ ತಾಗಿ ತಿರುಗಿ 4ಕ್ಕೆ ನಿಂತಿತು. ಒಂಬತ್ತು. ಬೋರ ನಿಂತ. ಅವಳು ಕೇಳಿದಳು, 'ಪಂಜಲ್ಲಿ ಹೊಡೀಬಹುದಾ?' ಹೊಡೀಬಹುದು. ಪಂಜಿನ ಪೆಟ್ಟು ಒಂದೇ ಎಚ್‌ಪಿ, ಆದರೆ ಅದು ಬೆಂಕಿಯ ಪೆಟ್ಟು. ಸಾಮಾನ್ಯ ಮನುಷ್ಯ ಬೋರ ಹೊಡೆದರೆ ದಾಳಕ್ಕೆ 2 ಸೇರುತ್ತೆ, ಟ್ರೋಲ್ ಎಸಿ 15, ಇಪ್ಪತ್ತು ಮುಖದ ಡಿ20ಯಲ್ಲಿ ಕನಿಷ್ಠ 13 ಬೀಳಬೇಕು. 17 ಬಿತ್ತು. ಟ್ರೋಲಿನ ಸರದಿ ಬರೋಷ್ಟರಲ್ಲಿ ರೋಗ್ ಮತ್ತು ರೇಂಜರ್ ಸೇರಿ ಅದನ್ನು ಸೊನ್ನೆಗೆ ಇಳಿಸಿದರು. ಅದು ಮತ್ತೆ ಏಳಲಿಲ್ಲ. ಟೇಬಲ್ಲಿನಲ್ಲಿ ಎದ್ದ ಕೂಗಿಗೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ನಾಲ್ಕು ಎಚ್‌ಪಿಯ ಬಂಟ ಒಂದು ಅಂಕದ ಪೆಟ್ಟಿನಿಂದ ಪಾರ್ಟಿ ಉಳಿಸಿದ್ದನ್ನು ನಾನಂತೂ ಬೇರೆ ಯಾವ ಟೇಬಲ್ಲಿನಲ್ಲೂ ನೋಡಿಲ್ಲ.

ಬಂಟರು ಬೇಡ ಅನ್ನೋರಲ್ಲಿ ಕೆಲವರಿಗೆ ಮೂರನೇ ಎಡಿಷನ್ನಿನ ಲೀಡರ್‌ಶಿಪ್ ಫೀಟಿನ (ಪಾತ್ರಕ್ಕೆ ಆರಿಸಿಕೊಳ್ಳೋ ವಿಶೇಷ ಶಕ್ತಿ) ಬಿಸಿ ಇನ್ನೂ ಆರಿಲ್ಲ. ಆರನೇ ಲೆವೆಲ್ಲಿಗೇ ಒಬ್ಬ ಗಟ್ಟಿ ಜೊತೆಗಾರ, ಒಬ್ಬರಿಗೇ ಎರಡು ಸರದಿ, ಉಳಿದವರು ಸುಮ್ನೆ ಕೂತಿರೋದು. ಎಡಗಡೆಯವರಿಗೆ ಕಾರ್ಡು ಕೊಟ್ಟರೆ ಆ ತೊಂದರೆ ಹುಟ್ಟೋದೇ ಇಲ್ಲ.

ಈಗ ಕೈಯಲ್ಲಿರೋದು ಕೋಟೆ. 1978ರ ಅಡ್ವಾನ್ಸ್ಡ್ ಡಿ ಅಂಡ್ ಡಿ ನಿಯಮದಲ್ಲಿ ಒಂಬತ್ತನೇ ಲೆವೆಲ್ ಫೈಟರ್ (ಯೋಧ) ಕೋಟೆ ಕಟ್ಟಿದರೆ ಸೈನಿಕರು ತಾವಾಗೇ ಬಂದು ಸೇರುತ್ತಾರೆ. ನಮ್ಮ ಪಾಲಡಿನ್ ಆ ಲೆವೆಲ್ ಮುಟ್ಟಿದ್ದಾನೆ. ಇಪ್ಪತ್ತು ಮೂವತ್ತು ಜನಕ್ಕೆ ಕಾರ್ಡು ಬರೆಯೋಕೆ ಆಗಲ್ಲ, ಅದಕ್ಕೆ ಇಡೀ ದಂಡಿಗೆ ಒಬ್ಬ ನಾಯಕನ ಕಾರ್ಡು ಮಾತ್ರ ಮಾಡಿದ್ದೇನೆ. ಅವನ ನಿಷ್ಠೆಯೇ ದಂಡಿನ ನಿಷ್ಠೆ, ನಾಯಕ ಸತ್ತರೆ ನೇರ 5ಕ್ಕೆ ಇಳಿಯುತ್ತೆ. ಎರಡು ಮುತ್ತಿಗೆ ಆಡಿದ್ದೇವೆ, ಒಂದರಲ್ಲಿ ದಂಡು ನಿಂತಿತು, ಇನ್ನೊಂದರಲ್ಲಿ ಅರ್ಧ ರಾತ್ರಿಗೆ ಗೋಡೆ ಹಾರಿ ಹೋಯಿತು. 5 ತೀರಾ ಕಡಿಮೆ ಆಯಿತು ಅನ್ನಿಸುತ್ತಿದೆ. ಮುಂದಿನ ಸಲ 6 ಇಟ್ಟು ನೋಡುತ್ತೇನೆ, ನಾಯಕನ ಕಾರ್ಡು ಬೋರನ ಹೆಸರಿಗೇ ಬರೆಯೋಣ ಅಂತ ಪ್ಲೇಯರ್‌ಗಳು ಈಗಾಗಲೇ ಹಟ ಹಿಡಿದಿದ್ದಾರೆ.