ತಂಬಾಕು–ವೆನಿಲ್ಲಾ ಪರ್ಫ್ಯೂಮ್: ಎರಡು ಸ್ಪ್ರೇ ಸಾಕು, ಮೂಗನ್ನು ನಂಬಬೇಡಿ

ಲಿಫ್ಟ್ ಖಾಲಿ. ಆದರೂ ಒಳಗೆ ಕಾಲಿಟ್ಟ ಕೂಡಲೇ ಜೇನು, ವೆನಿಲ್ಲಾ, ಒಣಹಣ್ಣು, ತಂಬಾಕು ಎಲ್ಲ ಒಟ್ಟಾಗಿ ಗಂಟಲಿಗೆ ಅಡರುತ್ತವೆ. ಆಗಲೇ ಇಳಿದು ಹೋದವರು ಯಾರೋ ಬಿಟ್ಟುಹೋದದ್ದು. ತಪ್ಪು ಪರ್ಫ್ಯೂಮಿನದಲ್ಲ. ನಿಂಬೆ ವಾಸನೆಯ ಹಗುರ ಕಲೋನ್ ಎರಚಿಕೊಳ್ಳುವ ಕೈಯಲ್ಲೇ ಇದನ್ನೂ ಎರಚಿಕೊಂಡದ್ದು ತಪ್ಪು. ಈ ಜಾತಿಯ ಪರ್ಫ್ಯೂಮ್ ಕೊಂಡವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಸೀಸೆಯಲ್ಲಿ ಏನಿದೆ ಎಂಬುದು ಮೊದಲು ಗೊತ್ತಿರಲಿ. ಇದು ಸಿಗರೇಟಿನ ಹೊಗೆಯ ವಾಸನೆಯಲ್ಲ, ಹದ ಮಾಡಿ ಒಣಗಿಸಿದ ಎಲೆಯದು. ಒಣಹುಲ್ಲು, ಜೇನು, ಒಣದ್ರಾಕ್ಷಿ, ತುದಿಯಲ್ಲೊಂದಿಷ್ಟು ತೊಗಲಿನ ಒಗರು. ಪರ್ಫ್ಯೂಮಿಗೆ ತಂಬಾಕು ಹೊಸದೇನಲ್ಲ, ಕ್ಯಾರೋನ್ ಕಂಪನಿಯ ‘ತಬಾಕ್ ಬ್ಲೋಂ’ ಬಂದದ್ದು 1919ರಲ್ಲಿ. ಸಿಹಿತಿನಿಸಿನ ಘಮ ಬೀರುವ ಗೂರ್ಮಾಂ ಪಂಗಡಕ್ಕೆ ದಾರಿ ತೆರೆದದ್ದು 1992ರ ‘ಏಂಜಲ್’. ಎರಡನ್ನೂ ಒಂದೇ ಸೀಸೆಯಲ್ಲಿ ಕೂರಿಸಿ ಜನಪ್ರಿಯವಾದದ್ದು 2007ರಲ್ಲಿ ಬಂದ ಟಾಮ್ ಫೋರ್ಡ್‌ನ ‘ಟೊಬ್ಯಾಕೊ ವೆನಿಲ್’. ಇವುಗಳ ತಳದಲ್ಲಿರುವ, ವೆನಿಲ್ಲಾ ಘಮ ಕೊಡುವ ವೆನಿಲಿನ್, ಟಾಂಕಾ ಎಂಬ ಮರದ ಬೀಜದಲ್ಲಿರುವ ಘಮದ್ರವ್ಯ ಕೂಮರಿನ್ ನಿಧಾನವಾಗಿ ಆರುವ ವಸ್ತುಗಳು. ನಿಂಬೆ, ಕಿತ್ತಳೆಯ ಘಮದಂತೆ ಗಂಟೆಯೊಳಗೆ ಹಾರಿಹೋಗುವುದಿಲ್ಲ. ಬೆಳಿಗ್ಗೆ ಕೈ ಜಾಸ್ತಿಯಾದರೆ ಸಂಜೆಯವರೆಗೂ ಅದನ್ನು ಹೊತ್ತು ತಿರುಗಬೇಕು.

ಹಂತ 1: ಕೊಳ್ಳುವ ಮುನ್ನ

ಅಂಗಡಿಯ ಕಾಗದದ ಪಟ್ಟಿ ಮೂಸಿ ತೀರ್ಮಾನಿಸಬೇಡಿ. ಮೊಳಕೈಯ ಒಳಮಡಿಕೆಗೆ ಒಂದು ಸ್ಪ್ರೇ ಹಾಕಿಸಿಕೊಂಡು ಹೊರಗೆ ಬಂದುಬಿಡಿ. ಮೊದಲ ಹತ್ತು ನಿಮಿಷ ಮೂಗಿಗೆ ಬಡಿಯುವುದು ಆಲ್ಕೋಹಾಲಿನ ಚುರುಕು, ಮಸಾಲೆಯ ಘಾಟು. ಅರ್ಧ ಗಂಟೆ ಕಳೆದ ಮೇಲೆ ಎಲೆ ಬಿಚ್ಚಿಕೊಳ್ಳುತ್ತದೆ. ಎರಡು ಮೂರು ಗಂಟೆಗೆ ಅಂಚುಗಳೆಲ್ಲ ಸವೆದು ವೆನಿಲ್ಲಾ, ಕೋಕೋ ಚರ್ಮಕ್ಕೆ ಅಂಟಿ ಕೂರುತ್ತವೆ. ನೀವು ದಿನವಿಡೀ ಬಾಳುವುದು ಈ ಕೊನೆಯದರ ಜೊತೆ, ದುಡ್ಡು ಕೊಡಬೇಕಾದದ್ದೂ ಅದು ಹಿಡಿಸಿದರೆ ಮಾತ್ರ. ಮೂಗು ತೊಳೆಯಲೆಂದು ಕೌಂಟರಿನಲ್ಲಿ ಕಾಫಿ ಬೀಜದ ಬಟ್ಟಲು ಇಟ್ಟಿರುತ್ತಾರೆ. ಅದರಿಂದ ಮೂಗಿಗೆ ಇನ್ನೊಂದು ವಾಸನೆಯ ಹೊರೆ, ಅಷ್ಟೆ. ಹೊರಗಿನ ಗಾಳಿ ಸಾಕು.

ಹೆಸರಿನಲ್ಲಿ ತಂಬಾಕು, ಒಳಗೆ ಬರೀ ಸಕ್ಕರೆ ಇರುವ ಅಗ್ಗದ ಸರಕು ಬೇಕಾದಷ್ಟಿದೆ. ಈಥೈಲ್ ಮಾಲ್ಟಾಲ್ ಎಂಬ ರಾಸಾಯನಿಕವನ್ನು ಧಾರಾಳವಾಗಿ ಸುರಿದರೆ ಕಾಯಿಸಿದ ಸಕ್ಕರೆಯ ವಾಸನೆ ಬರುತ್ತದೆ, ಒಗರು ಬರುವುದಿಲ್ಲ. ಒಗರಿಲ್ಲದ ತಂಬಾಕು ನನಗೆ ಬೇಡ, ನೀವೂ ಕೊಳ್ಳಬೇಡಿ. ದ್ರವ ಕಡುಕಂದು ಇದೆ ಎಂದು ಮರುಳಾಗಬೇಡಿ, ಬಣ್ಣ ಬೆರೆಸುವುದು ಕಷ್ಟವೇನಲ್ಲ.

ಹಂತ 2: ಮೈ ಸಿದ್ಧತೆ

ಸ್ನಾನವಾದ ಮೇಲೆ ವಾಸನೆಯಿಲ್ಲದ ಕ್ರೀಮ್ ಹಚ್ಚಿಕೊಳ್ಳಿ, ಒಣಚರ್ಮದ ಮೇಲೆ ಘಮ ಬೇಗ ಆರುತ್ತದೆ.

ಹಂತ 3: ಎಲ್ಲಿ, ಎಷ್ಟು

ಎರಡು ಸ್ಪ್ರೇ. ಇದು ಸಲಹೆಯಲ್ಲ, ಮಿತಿ. ಮೂರನೆಯದು ಬಯಲಲ್ಲಿ ಕಳೆಯುವ ಚಳಿ ಸಂಜೆಗೆ ಮಾತ್ರ. ಸೆಕೆಯ ದಿನ ಒಂದೇ. ಬಿರುಬಿಸಿಲಿದ್ದರೆ ಸೀಸೆ ಮುಟ್ಟಲೇಬೇಡಿ, ಬಿಸಿಗೆ ಎಲ್ಲವೂ ಒಮ್ಮೆಲೇ ಎದ್ದು ಪಕ್ಕದಲ್ಲಿ ಕೂತವರಿಗೆ ತಲೆನೋವು ತರಿಸುತ್ತದೆ.

ಮೊದಲನೆಯದು ಎದೆಯ ಮೇಲೆ, ಅಂಗಿ ತೊಡುವ ಮುನ್ನ. ಮೈ ಬಿಸಿಗೆ ಘಮ ಬಟ್ಟೆಯೊಳಗಿಂದ ಸೋಸಿ, ಕಾಲರಿನ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತದೆ. ಎರಡನೆಯದು ಕತ್ತಿನ ಹಿಂಭಾಗಕ್ಕೆ. ಗಂಟಲ ಮುಂಭಾಗಕ್ಕೆ ಮಾತ್ರ ಬೇಡ. ನಿಮ್ಮದೇ ಮೂಗಿನ ಕೆಳಗೆ ದಿನವಿಡೀ ಉರಿಯುತ್ತಿದ್ದರೆ ಮೂಗು ಬೇಗ ಜಡವಾಗುತ್ತದೆ.

ಸೀಸೆ ಒಂದು ಗೇಣು ದೂರ ಇರಲಿ. ಗುಂಡಿಯನ್ನು ಪೂರ್ತಿ, ಒಂದೇ ಏಟಿಗೆ ಒತ್ತಿ. ಹೆದರಿ ಹೆದರಿ ಅರ್ಧ ಒತ್ತಿದರೆ ಮಂಜಿನಂತೆ ಹರಡುವುದಿಲ್ಲ, ದಪ್ಪ ಹನಿ ಬಿದ್ದು ಒಂದೇ ಕಡೆ ಇಳಿಯುತ್ತದೆ. ಆ ಜಾಗ ಜಿಗುಟಾಗಿ, ಮೂಸಿದರೆ ಕೆಮ್ಮು ಬರುವಷ್ಟು ಗಾಢವಾಗಿರುತ್ತದೆ. ಗಾಳಿಗೆ ಹೊಡೆದು ಅದರ ನಡುವೆ ನಡೆದು ಹೋಗುವ ಶೋಕಿಯಿಂದ ನೆಲಕ್ಕೆ ಪರ್ಫ್ಯೂಮ್ ಹಚ್ಚಿದಂತಾಗುತ್ತದೆ. ಮಣಿಕಟ್ಟಿಗೆ ಹಾಕಿಕೊಂಡವರು ಎರಡನ್ನೂ ಸೇರಿಸಿ ಉಜ್ಜಬೇಡಿ. ಉಜ್ಜಿದರೆ ಅಣುಗಳು ಒಡೆಯುತ್ತವೆ ಎಂಬುದು ಕಟ್ಟುಕಥೆ. ಆದರೆ ಬಿಸಿಗೆ ಮೇಲಿನ ಮಸಾಲೆಯ ಪದರ ಬೇಗ ಹಾರಿಹೋಗುವುದು ನಿಜ.

ಹಂತ 4: ಮತ್ತೆ ಹಾಕಿಕೊಳ್ಳದಿರುವುದು

ಎಲ್ಲಕ್ಕಿಂತ ಕಷ್ಟದ ಹಂತ ಇದು. ಅರ್ಧ ಮುಕ್ಕಾಲು ಗಂಟೆಯಲ್ಲಿ ನಿಮಗೆ ಯಾವ ವಾಸನೆಯೂ ತಿಳಿಯದು. ‘ಇಷ್ಟು ದುಡ್ಡು ಕೊಟ್ಟದ್ದು ಇಷ್ಟಕ್ಕೇನಾ’ ಎಂದು ಬ್ಯಾಗಿಗೆ ಕೈ ಹಾಕುತ್ತೀರಿ. ಪರ್ಫ್ಯೂಮ್ ಎಲ್ಲೂ ಹೋಗಿಲ್ಲ, ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ನಿಲ್ಲಿಸಿದೆ. ಬದಲಾಗದೆ ಬರುತ್ತಲೇ ಇರುವ ವಾಸನೆಯನ್ನು ಕೈಬಿಡುವುದು ಮೂಗಿನ ಸ್ವಭಾವ. ನಿಮ್ಮ ಪಾಲಿಗೆ ಇಲ್ಲವಾದದ್ದು ಎದುರಿಗಿದ್ದವರ ಪಾಲಿಗೆ ಪೂರ್ತಿ ಇದೆ. ಹೀಗೆ ಮಧ್ಯಾಹ್ನದೊಳಗೆ ಐದಾರು ಸ್ಪ್ರೇ ಮುಗಿಸಿದವರನ್ನು ಕಂಡಿದ್ದೇನೆ, ಅವರ ಪಕ್ಕದ ಕಿಟಕಿ ಮಾತ್ರ ಸದಾ ತೆರೆದಿರುತ್ತಿತ್ತು.

ಅನುಮಾನ ಬಂದರೆ ಹೊರಗೆ ಹೋಗಿ ಒಂದು ಸುತ್ತು ನಡೆದು ಒಳಗೆ ಬನ್ನಿ, ಅಂಗಿಯ ಕಾಲರ್ ಸ್ವಲ್ಪ ಎಳೆದು ಮೂಸಿ. ಅಥವಾ ಸಂಕೋಚವಿಲ್ಲದೆ ಹೇಳುವ ಒಬ್ಬರನ್ನು ಕೇಳಿ. ಸೀಸೆ ಮನೆಯಲ್ಲೇ ಬಿಟ್ಟು ಬರುವುದು ಇನ್ನೂ ಒಳ್ಳೆಯದು.

ಹಂತ 5: ಬಟ್ಟೆ

ಬಿಳಿ, ತಿಳಿಬಣ್ಣದ ಬಟ್ಟೆಯ ಮೇಲೆ ನೇರ ಹಾಕಬೇಡಿ. ವೆನಿಲಿನ್ ಇರುವ ದ್ರವ ಕಂದು ಕಲೆ ಬಿಡುತ್ತದೆ. ಉಣ್ಣೆಯ ಕಪ್ಪು ಶಾಲು ಮಾತ್ರ ಇದಕ್ಕೆ ಹೇಳಿ ಮಾಡಿಸಿದ್ದು, ದಿನಗಟ್ಟಲೆ ಘಮ ಹಿಡಿದಿಡುತ್ತದೆ.

ಕೈ ಜಾಸ್ತಿಯಾಗಿಹೋದರೆ

ಬರೀ ನೀರು ಹಾಕಿ ಉಜ್ಜಬೇಡಿ, ಉಪಯೋಗವಿಲ್ಲ. ಈ ವಸ್ತುಗಳು ಎಣ್ಣೆಯ ಗುಣದವು. ಹತ್ತಿಗೆ ವಾಸನೆಯಿಲ್ಲದ ಸ್ಯಾನಿಟೈಸರ್ ಅದ್ದಿ ಒರೆಸಿ, ಹತ್ತಿ ಬದಲಿಸಿ ಇನ್ನೊಮ್ಮೆ ಒರೆಸಿ, ಆಮೇಲೆ ಸೋಪು. ಪೂರ್ತಿ ಹೋಗದಿದ್ದರೂ ಸಹಿಸುವ ಮಟ್ಟಕ್ಕೆ ಇಳಿಯುತ್ತದೆ. ಇದರ ಮೇಲೆ ಇನ್ನೊಂದು ತಾಜಾ ಪರ್ಫ್ಯೂಮ್ ಹೊಡೆದು ಮುಚ್ಚಲು ಹೊರಟರೆ ಎರಡೂ ಕೆಡುತ್ತವೆ.

ಸೀಸೆ ಬಚ್ಚಲುಮನೆಯಲ್ಲಿ ಬೇಡ, ಕಿಟಕಿಯ ಬಳಿಯೂ ಬೇಡ. ಕಪಾಟಿನ ಕತ್ತಲೆಯಲ್ಲಿಡಿ. ವರ್ಷ ಕಳೆದಂತೆ ಬಣ್ಣ ಇನ್ನಷ್ಟು ಕಂದಾದರೆ ಗಾಬರಿ ಬೇಡ, ಅದೂ ವೆನಿಲಿನ್ ಕೆಲಸವೇ. ಮೂಸಿದಾಗ ಹುಳಿ ಹೊಡೆದರೆ ಮಾತ್ರ ಎಸೆಯಿರಿ.