ಚೀನಾದ ಜಿಯಾವ್‌ಜಿ ಮನೆಯಲ್ಲೇ: ಅಂಚು ತೆಳ್ಳಗೆ, ನಡು ದಪ್ಪ

ಡಂಪ್ಲಿಂಗ್ ಅಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಮೋಮೋ. ಆದರೆ ಉತ್ತರ ಚೀನಾದಲ್ಲಿ ಹೊಸ ವರ್ಷದ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಮಡಚುವುದು ಜಿಯಾವ್‌ಜಿ, ಅದನ್ನು ಹೆಚ್ಚಾಗಿ ಕುದಿಯುವ ನೀರಿನಲ್ಲೇ ಬೇಯಿಸುತ್ತಾರೆ. ಹಳೇ ಕಾಲದ ಬೆಳ್ಳಿ ಬಂಗಾರದ ಗಟ್ಟಿಯ ಆಕಾರ ಅದಕ್ಕೆ, ತಿಂದರೆ ಸಿರಿ ಬರುತ್ತದೆ ಅಂತ ನಂಬಿಕೆ.

ಮೊದಲು ಹಿಟ್ಟು. 300 ಗ್ರಾಂ ಮೈದಾ, ಚಿಟಿಕೆ ಉಪ್ಪು, 150 ಮಿಲಿ ತಣ್ಣೀರು. ಕಲಸುವಾಗ ಒಣಗಿದ ಹಾಗಿರುತ್ತದೆ, ಗಾಬರಿಯಾಗಿ ನೀರು ಸುರಿಯಬೇಡಿ. ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು ಮತ್ತೆ ನಾದಿದರೆ ಕಿವಿಯ ಹಾಲೆಯಷ್ಟು ಮೆತ್ತಗಾಗುತ್ತದೆ.

ಅಷ್ಟರಲ್ಲಿ ಹೂರಣ. ಅಲ್ಲಿ ಹಂದಿಮಾಂಸ ಮತ್ತು ಕೋಸು ಮಾಮೂಲಿ, ಮೊಟ್ಟೆ ಹಾಕಿದ್ದೂ ಉಂಟು. ನಾನು ಮೊಟ್ಟೆಯದನ್ನೇ ಹೇಳುತ್ತೇನೆ. 300 ಗ್ರಾಂ ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ಉಪ್ಪು ಬೆರೆಸಿ, ಕಾಲು ಗಂಟೆ ಬಿಟ್ಟು ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಸುಮ್ನೆ ಅಂಗೈಯಲ್ಲಿ ಒತ್ತಿದರೆ ಸಾಲದು. ಉಳಿದ ನೀರಿನಿಂದಲೇ ಆಮೇಲೆ ಹೊರಗಿನ ಹಿಟ್ಟಿನ ಹಾಳೆ ಹರಿದುಹೋಗುತ್ತದೆ. 3 ಮೊಟ್ಟೆ ಪುಡಿಪುಡಿಯಾಗಿ ಹುರಿದು ಆರಿಸಿ, ಈರುಳ್ಳಿ ಸೊಪ್ಪು, ಶುಂಠಿ, ಸ್ವಲ್ಪ ಸೋಯಾ ಸಾಸ್, ಹುರಿದ ಎಳ್ಳಿನಿಂದ ತೆಗೆದ ಎಣ್ಣೆ ಸೇರಿಸಿ. ನಾವು ಅಡುಗೆಗೆ ಬಳಸುವ ಎಳ್ಳೆಣ್ಣೆಗೆ ಆ ಘಮ ಇರುವುದಿಲ್ಲ.

ಈಗ ಲಟ್ಟಿಸುವುದು, ಇಡೀ ಕೆಲಸದ ಜೀವ ಇಲ್ಲೇ ಇದೆ. ಹಿಟ್ಟನ್ನು ಸುಮಾರು 34 ಸಣ್ಣ ಉಂಡೆ ಮಾಡಿ ಅಂಗೈಯಿಂದ ತಟ್ಟಿ. ಚಪಾತಿಯ ಹಾಗೆ ಉದ್ದಕ್ಕೂ ಲಟ್ಟಿಸಬೇಡಿ. ಎಡಗೈ ಹಾಳೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಿರಲಿ, ಬಲಗೈ ಚಿಕ್ಕ ಲಟ್ಟಣಿಗೆಯನ್ನು ಅಂಚಿನಿಂದ ನಡುವಿನ ತನಕ ಮಾತ್ರ ಒಯ್ದು ವಾಪಸ್ ತರಲಿ. ಅಂಚು ತೆಳ್ಳಗೆ, ನಡು ದಪ್ಪ ಆಗಬೇಕು. ಯಾಕೆಂದರೆ ಮಡಚಿದಾಗ ಅಂಚು ಎರಡು ಪದರ ಆಗುತ್ತದೆ, ದಪ್ಪಗಿದ್ದರೆ ಅಲ್ಲಿ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ನಡು ತೆಳ್ಳಗಾದರೆ ಹೂರಣದ ಭಾರಕ್ಕೆ ತೂತು ಬೀಳುತ್ತದೆ. ಒಂದು ಚಮಚ ಹೂರಣ ಇಟ್ಟು ಮಡಚಿ, ನೆರಿಗೆ ಬರದಿದ್ದರೂ ಪರವಾಗಿಲ್ಲ, ಗಾಳಿ ಹೊರಗೆ ತಳ್ಳಿ ಗಟ್ಟಿಯಾಗಿ ಒತ್ತಿ. ಕಡುಬು ಮಾಡಿ ರೂಢಿ ಇರುವ ಕೈಗೆ ಇದು ಬೇಗ ಹತ್ತುತ್ತದೆ.

ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಹತ್ತು ಹನ್ನೆರಡು ಹಾಕಿ, ಸೌಟಿನ ಬೆನ್ನಿನಿಂದ ತಳ ಹಿಡಿಯದ ಹಾಗೆ ಮೆಲ್ಲಗೆ ತಳ್ಳಿ. ಕುದಿ ಬಂದಾಗ ಅರ್ಧ ಲೋಟ ತಣ್ಣೀರು ಸುರಿಯಿರಿ. ಹೀಗೆ ಮೂರು ಸಲ. ಜೋರು ಕುದಿ ಇಳಿಯುವುದರಿಂದ ಹಾಳೆ ಒಡೆಯುವುದಿಲ್ಲ, ಒಳಗೂ ಬೇಯುತ್ತದೆ. ಹೊಟ್ಟೆ ಉಬ್ಬಿ ತೇಲಿದರೆ ತೆಗೆಯಿರಿ.

ವಿನೆಗರ್‌ಗೆ ಜಜ್ಜಿದ ಬೆಳ್ಳುಳ್ಳಿ ಹಾಕಿ ಅದ್ದಿಕೊಂಡು ತಿನ್ನಿ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಊಟ ಮುಗಿದ ಮೇಲೆ ಅಲ್ಲಿನವರು ಅದನ್ನೇ ಬಿಸಿಬಿಸಿ ಕುಡಿಯುತ್ತಾರೆ.