403ರಲ್ಲಿ 167 ಹೋದರೆ ಎಷ್ಟು? ಗಣಿತ ಸ್ಪರ್ಧೆಗೆ ಆರು ವಾರದ ತಯಾರಿ

ಬೆಂಗಳೂರಿನ ಅಕ್ಷರ ಫೌಂಡೇಶನ್ ಸಂಸ್ಥೆ ಗ್ರಾಮ ಪಂಚಾಯಿತಿಗಳ ಜತೆ ಸೇರಿ 4, 5 ಮತ್ತು 6ನೇ ತರಗತಿಯ ಮಕ್ಕಳಿಗೆ ಗಣಿತ ಸ್ಪರ್ಧೆ ನಡೆಸುತ್ತದೆ. ಸ್ಪರ್ಧೆಯ ದಿನ ಗೊತ್ತಾಯಿತೆಂದರೆ ಮೇಷ್ಟ್ರು, ಮನೆಯವರು ಸಾಮಾನ್ಯವಾಗಿ ಎರಡು ಕೆಲಸಕ್ಕೆ ಕೈ ಹಾಕುತ್ತಾರೆ. ಒಂದು, ಮಗ್ಗಿ ಉರು ಹೊಡೆಸುವುದು. ಇನ್ನೊಂದು, ಎಲ್ಲಿಂದಲೋ ಕಷ್ಟದ ಲೆಕ್ಕ ಹುಡುಕಿ ತಂದು ಮಾಡಿಸುವುದು. ಆದರೆ ಮಕ್ಕಳ ಅಂಕ ಸೋರುವ ಜಾಗ ಬೇರೆಯೇ ಇದೆ. ಐದನೇ ತರಗತಿಯ ಮಗು ಎಡವುವುದು ಮೂರನೇ ತರಗತಿಯಲ್ಲಿ ಅರೆಬರೆ ಕಲಿತ ಸೊನ್ನೆಯ ಲೆಕ್ಕದಲ್ಲಿ. ಆ ತೂತು ಹುಡುಕಿ ಮುಚ್ಚಲು ಆರು ವಾರ, ದಿನಕ್ಕೆ 40 ನಿಮಿಷ, ವಾರಕ್ಕೆ ಐದು ದಿನ ಸಾಕು.

ಮೊದಲ ದಿನ: ಎಂಟು ಲೆಕ್ಕ, ರಬ್ಬರ್ ಇಲ್ಲ

ಪಾಠ ಶುರು ಮಾಡುವ ಮೊದಲು ಈ ಎಂಟು ಲೆಕ್ಕ ಕೊಡಿ. ಹೊತ್ತಿನ ಮಿತಿ ಬೇಡ. ಪೆನ್ಸಿಲ್ ಕೊಡಿ, ರಬ್ಬರ್ ಕೊಡಬೇಡಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ. ಅಳಿಸಿಬಿಟ್ಟರೆ ಮಗು ಯೋಚಿಸಿದ ದಾರಿಯೇ ಅಳಿಸಿಹೋಗುತ್ತದೆ.

1. ನಾವು ಹೇಳಿದ್ದನ್ನು ಅಂಕಿಯಲ್ಲಿ ಬರೆಯುವುದು: ಮೂರು ಸಾವಿರದ ಐದು
2. 403 − 167
3. 36 × 24
4. 824 ÷ 4
5. 1/3, 1/4 – ಇವೆರಡರಲ್ಲಿ ಯಾವುದು ದೊಡ್ಡದು?
6. 1/2 + 1/3 (ನಾಲ್ಕನೇ ತರಗತಿಯವರಿಗೆ ಇದನ್ನು ಬಿಡಿ)
7. 9 ಗಂಟೆ 40 ನಿಮಿಷದಿಂದ 11 ಗಂಟೆ 15 ನಿಮಿಷದವರೆಗೆ ಎಷ್ಟು ಹೊತ್ತು?
8. ಸುಮಾಳ ಹತ್ತಿರ 45 ಗೋಲಿ ಇವೆ. ಅವು ರಫೀಕನ ಗೋಲಿಗಿಂತ 18 ಹೆಚ್ಚು. ರಫೀಕನ ಹತ್ತಿರ ಎಷ್ಟಿವೆ?

ಇವೂ ಭಾರ ಎನಿಸಿದರೆ ಇನ್ನೂ ಕೆಳಗಿಳಿಯಬಹುದು. ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ‘ಅಸರ್’ ಸಮೀಕ್ಷೆಯವರು ಹಳ್ಳಿಯ ಮಕ್ಕಳಿಗೆ ಕೊಡುವುದು ಎರಡಂಕಿಯ, ಸಾಲ ತರಬೇಕಾದ ಕಳೆಯುವ ಲೆಕ್ಕ ಮತ್ತು ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ. ಅಷ್ಟರಿಂದಲೇ ಮಗು ಎಲ್ಲಿ ನಿಂತಿದೆ ಎಂದು ಗೊತ್ತಾಗುತ್ತದೆ.

ತಪ್ಪು ಉತ್ತರವನ್ನು ಓದುವುದು

ಸರಿ–ತಪ್ಪು ಗುರುತು ಹಾಕಿ ಎದ್ದುಬಿಡಬೇಡಿ. ಎರಡನೇ ಲೆಕ್ಕವನ್ನೇ ನೋಡಿ. ಸರಿ ಉತ್ತರ 236. ಮಕ್ಕಳು ಬರೆಯುವ ತಪ್ಪು ಉತ್ತರಗಳಲ್ಲಿ ಮೂರು ಮತ್ತೆ ಮತ್ತೆ ಕಾಣಿಸುತ್ತವೆ, ಮೂರಕ್ಕೂ ಕಾರಣ ಬೇರೆ ಬೇರೆ.

364 ಎಂದು ಬರೆದ ಮಗು ಮೇಲೆ ಕೆಳಗೆ ನೋಡುವುದೇ ಇಲ್ಲ. ದೊಡ್ಡ ಅಂಕಿಯಲ್ಲಿ ಚಿಕ್ಕದನ್ನು ಕಳೆಯುತ್ತದೆ: 7ರಲ್ಲಿ 3, 6ರಲ್ಲಿ 0, 4ರಲ್ಲಿ 1. ಸಾಲ ತರುವುದು ಅದಕ್ಕೆ ಇನ್ನೂ ಗೊತ್ತಿಲ್ಲ.

266 ಎಂದು ಬರೆದ ಮಗುವಿಗೆ ಸಾಲ ತರುವುದು ಗೊತ್ತು. ಆದರೆ ಹತ್ತರ ಮನೆಯಲ್ಲಿ ಸೊನ್ನೆ ಕಂಡಿದ್ದೇ ಅದನ್ನು ದಾಟಿ, ನೂರರ ಮನೆಯಿಂದ ನೇರವಾಗಿ ಬಿಡಿಗೆ ತಂದಿದೆ. ಬಿಡಿಯಲ್ಲಿ 13 ಆಯಿತು, ಹತ್ತರ ಮನೆಯ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು, ಅಲ್ಲಿ 6ರಲ್ಲಿ 0 ಕಳೆದು 6 ಬರೆಯಿತು.

246 ಬರೆದ ಮಗು ಗುರಿಯ ತೀರಾ ಹತ್ತಿರ ಬಂದಿದೆ. ನೂರನ್ನು ಒಡೆದು ಹತ್ತರ ಮನೆಗೆ ಹತ್ತು ತಂದಿತು, ಅದರಲ್ಲಿ ಒಂದನ್ನು ಬಿಡಿಗೆ ಕೊಟ್ಟಿತು, ಕೊಟ್ಟ ಮೇಲೆ ಅಲ್ಲಿ ಉಳಿದದ್ದು 9 ಎಂಬುದನ್ನು ಮರೆತಿತು.

ಮೂವರಿಗೂ ‘ಇನ್ನೂ ಇಪ್ಪತ್ತು ಕಳೆಯುವ ಲೆಕ್ಕ ಮಾಡು’ ಎಂದರೆ ಮೂವರೂ ತಮ್ಮ ತಮ್ಮ ತಪ್ಪನ್ನೇ ಇಪ್ಪತ್ತು ಸಲ ಗಟ್ಟಿ ಮಾಡಿಕೊಳ್ಳುತ್ತಾರೆ.

ಪರಿಹಾರಕ್ಕೆ ಆಟದ ನೋಟು ಬೇಕು. ಹಳೆಯ ನೋಟ್‌ಬುಕ್ಕಿನ ರಟ್ಟಿನಲ್ಲಿ 100ರ ಚೀಟಿ 5, 10ರ ಚೀಟಿ 20, 1ರ ಚೀಟಿ 20 ಕತ್ತರಿಸಿಕೊಳ್ಳಿ. ಹಾಳೆಯ ಮೇಲೆ ನೂರು, ಹತ್ತು, ಬಿಡಿ ಎಂದು ಮೂರು ಮನೆ ಬರೆದು, 4 ನೂರು ಮತ್ತು 3 ಬಿಡಿ ಇಡಿ. ನೀವು ಅಂಗಡಿಯವರು, 167 ರೂಪಾಯಿ ಕೇಳಿ. ಮಗುವಿನ ಬಳಿ ಚಿಲ್ಲರೆ ಇಲ್ಲ. ಒಂದು ನೂರನ್ನು ಕೊಟ್ಟು ಹತ್ತು ಹತ್ತರ ಚೀಟಿ ಪಡೆಯಲಿ. ಅದರಲ್ಲಿ ಒಂದನ್ನು ಕೊಟ್ಟು ಹತ್ತು ಬಿಡಿ ಪಡೆಯಲಿ. ಈಗ ಮನೆಗಳಲ್ಲಿ ಇರುವುದು 3, 9, 13. ಪ್ರತಿ ಸಲ ಚಿಲ್ಲರೆ ಮಾಡಿಸಿದ ಕೂಡಲೇ ಅದನ್ನೇ ಪುಸ್ತಕದಲ್ಲೂ ಬರೆಸಬೇಕು. ಚೀಟಿ ಆಟ ಮುಗಿಸಿ ಆಮೇಲೆ ಬರೆಸಿದರೆ ಎರಡಕ್ಕೂ ನಂಟು ಬೆಳೆಯುವುದಿಲ್ಲ. ಎರಡು ದಿನ ಚೀಟಿಯಲ್ಲಿ, ಮೂರನೇ ದಿನ ಚಿತ್ರ ಬರೆದು, ನಾಲ್ಕನೇ ದಿನ ಬರೀ ಅಂಕಿಯಲ್ಲಿ ಮಾಡಿಸಿ. 500 − 238, 602 − 75, 1000 − 364 ಒಳ್ಳೆಯ ಲೆಕ್ಕಗಳು. ಉತ್ತರವನ್ನು ಮಗುವೇ ಕೂಡಿ ತಾಳೆ ನೋಡಲಿ: 236ಕ್ಕೆ 167 ಕೂಡಿಸಿದರೆ 403 ಬರಬೇಕು.

ಸಂಖ್ಯೆ ಬರೆಯುವಲ್ಲೇ ಎಡವಿದರೆ

‘ಮೂರು ಸಾವಿರದ ಐದು’ ಎಂದರೆ 30005 ಎಂದು ಬರೆಯುವ ಮಕ್ಕಳು ದಡ್ಡರೇನಲ್ಲ. ಕಿವಿಗೆ ಬಿದ್ದ ಹಾಗೆಯೇ ಬರೆದಿದ್ದಾರೆ: ಮೊದಲು 3000, ಆಮೇಲೆ 5. ಇವರಿಗೆ ಒಂದರ ಮೇಲೊಂದು ಕೂರುವ ಕಾರ್ಡು ಮಾಡಿಕೊಡಿ. ಒಂದು ಅಂಕಿಗೆ 3 ಸೆಂ.ಮೀ. ಜಾಗ ಎಂದಿಟ್ಟುಕೊಂಡರೆ ಸಾವಿರದ ಕಾರ್ಡು 12 ಸೆಂ.ಮೀ., ನೂರರದ್ದು 9, ಹತ್ತರದ್ದು 6, ಬಿಡಿಯದ್ದು 3. ಪ್ರತಿಯೊಂದರಲ್ಲೂ ಒಂಬತ್ತು, ಒಟ್ಟು 36 ಕಾರ್ಡು. ಬಲ ಅಂಚು ಸೇರಿಸಿ 3000ದ ಮೇಲೆ 5 ಇಟ್ಟರೆ ಕೊನೆಯ ಸೊನ್ನೆ ಮುಚ್ಚಿಹೋಗಿ 3005 ಕಾಣುತ್ತದೆ. ಎಂಬತ್ತು, ತೊಂಬತ್ತು ಅದಲುಬದಲಾಗುವ ಮಕ್ಕಳಿಗೂ ಇದೇ ಕಾರ್ಡಿನಲ್ಲಿ ಹೇಳಿ ಬರೆಸಿ. ಅಕ್ಷರ ಫೌಂಡೇಶನ್ನಿನದೇ ಕಾರ್ಯಕ್ರಮವಾದ ಗಣಿತ ಕಲಿಕಾ ಆಂದೋಲನದ ಕಿಟ್ ಶಾಲೆಯಲ್ಲಿದ್ದರೆ ಇಂಥ ಸಾಮಾನು ಅದರಲ್ಲೇ ಸಿಗುತ್ತದೆ. ಬೀರುವಿನಿಂದ ಆಚೆ ತೆಗೆಯಬೇಕು, ಅಷ್ಟೆ.

ಮಗ್ಗಿ: ಕಲಿಯಬೇಕಾದದ್ದು 21 ಮಾತ್ರ

‘ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು’ ಎಂದು ರಾಗವಾಗಿ ಹೇಳುವ ಮಗುವನ್ನು ತಟ್ಟನೆ ‘ಏಳೆಂಟ್ಲ?’ ಎಂದು ಕೇಳಿ. ಹಲವರು ಮೊದಲಿನಿಂದ ಮೆಟ್ಟಿಲು ಹತ್ತಿ ಬರುತ್ತಾರೆ. ಮನೆಯಲ್ಲಾದರೆ ತೊಂದರೆಯಿಲ್ಲ, ಸ್ಪರ್ಧೆಯಲ್ಲಿ ಒಂದು ಭಾಗಾಕಾರಕ್ಕೆ ಮೂರು ಸಲ ಮೆಟ್ಟಿಲು ಹತ್ತಿದರೆ ಹೊತ್ತು ಮೀರುತ್ತದೆ.

2ರಿಂದ 9ರವರೆಗಿನ ಮಗ್ಗಿಯಲ್ಲಿ 7 × 8, 8 × 7 ಎರಡೂ ಒಂದೇ ಎಂದುಕೊಂಡರೆ ಉಳಿಯುವುದು 36. ಅದರಲ್ಲಿ 2 ಮತ್ತು 5ರ ಮಗ್ಗಿ ಮಕ್ಕಳಿಗೆ ಹೇಗೂ ಬಂದಿರುತ್ತದೆ. ಅವನ್ನು ತೆಗೆದರೆ 21. ಈ 21ನ್ನು ಚೀಟಿಯಲ್ಲಿ ಬರೆದು, ಹಿಂದೆ ಉತ್ತರ ಬರೆದು, ದಿನಾ ಕಲಸಿ ಕೇಳಿ. ಮೂರು ಸೆಕೆಂಡಿನಲ್ಲಿ ಬಂದದ್ದು ಒಂದು ಕಡೆ, ಬಾರದ್ದು ಇನ್ನೊಂದು ಕಡೆ. ಬಾರದ್ದಕ್ಕೆ ದಾರಿ ಹೇಳಿಕೊಡಿ. ಏಳೊಂಬತ್ತ್ಲ ಎಂದರೆ 70ರಲ್ಲಿ 7 ಕಡಿಮೆ, 63. ಏಳೆಂಟ್ಲ ಎಂದರೆ ಏಳ್ನಾಕ್ಲ 28ರ ಎರಡರಷ್ಟು, 56. ಮೂರನೇ ವಾರದ ಹೊತ್ತಿಗೆ ಇಡೀ ಕಟ್ಟು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು.

ಗುಣಾಕಾರ, ಭಾಗಾಕಾರದಲ್ಲೂ ಸೊನ್ನೆಯ ಕಾಟ

36 × 24ಕ್ಕೆ 216 ಬಂದಿದ್ದರೆ ಮಗು 144ಕ್ಕೆ 72 ಕೂಡಿಸಿದೆ. ಎರಡನೇ ಸಾಲಿನಲ್ಲಿ ಗುಣಿಸಿದ್ದು 20ರಿಂದ, 2ರಿಂದಲ್ಲ. ಆ ಸಾಲು 720, ಉತ್ತರ 864. ಸಾಲಿನ ಕೊನೆಗೆ ಗುಣಾಕಾರದ ಗುರುತೋ ಸೊನ್ನೆಯೋ ಇಡಬೇಕೆಂಬ ನಿಯಮವನ್ನಷ್ಟೇ ಕಲಿತವರು ಅವಸರದಲ್ಲಿ ಅದನ್ನು ಮರೆಯುತ್ತಾರೆ. 36 × 20, 36 × 4 ಎಂದು ಒಡೆದು ಬರೆಯುವ ರೂಢಿಯಾದವರು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ.

824 ÷ 4ಕ್ಕೆ 26 ಎಂದು ಬರೆದವರು ಇನ್ನೂ ಹೆಚ್ಚು ಸಿಗುತ್ತಾರೆ. 8ರಲ್ಲಿ 4 ಎರಡು ಸಲ ಹೋಯಿತು, 2 ಇಳಿಸಿದರೆ 4 ಹೋಗುವುದಿಲ್ಲ, ಹಾಗಾಗಿ ಮುಂದಿನ 4ನ್ನೂ ಇಳಿಸಿ 24 ಮಾಡಿಕೊಂಡರು. ‘ಹೋಗುವುದಿಲ್ಲ’ ಎಂಬುದನ್ನು ಭಾಗಲಬ್ಧದಲ್ಲಿ 0 ಎಂದು ಬರೆಯಲಿಲ್ಲ. ಲೆಕ್ಕ ಶುರು ಮಾಡುವ ಮೊದಲೇ ಭಾಗಲಬ್ಧದ ಜಾಗದಲ್ಲಿ ಖಾಲಿ ಚೌಕ ಹಾಕಿಸಿ. 8ರಲ್ಲಿ 4 ಹೋಗುತ್ತದೆ, ಅಂದರೆ ನೂರರ ಮನೆಯಿಂದಲೇ ಉತ್ತರ ಶುರು, ಮೂರು ಚೌಕ ಬೇಕು. ಮೂರೂ ತುಂಬದೆ ಲೆಕ್ಕ ಮುಗಿಯುವಂತಿಲ್ಲ. ಉತ್ತರ 206. ಅಭ್ಯಾಸಕ್ಕೆ 618 ÷ 6, 535 ÷ 5, ಆಮೇಲೆ ಶೇಷ ಉಳಿಯುವ 635 ÷ 6.

ಭಿನ್ನರಾಶಿಗೆ 24 ಸೆಂಟಿಮೀಟರಿನ ಪಟ್ಟಿ

1/3ಕ್ಕಿಂತ 1/4 ದೊಡ್ಡದು ಎನ್ನುವ ಮಗು 4, 3ಕ್ಕಿಂತ ದೊಡ್ಡದು ಎಂಬುದನ್ನಷ್ಟೇ ನೋಡಿದೆ. 1/2 + 1/3 = 2/5 ಎಂದ ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ. ಎರಡಕ್ಕೂ ಮದ್ದು ಕಾಗದದ ಪಟ್ಟಿ.

2 ಸೆಂ.ಮೀ. ಅಗಲ, 24 ಸೆಂ.ಮೀ. ಉದ್ದದ ಏಳು ಪಟ್ಟಿ ಕತ್ತರಿಸಿ. 24 ಏಕೆಂದರೆ ಅದು ಬೇಕಾದ ಎಲ್ಲದರಿಂದಲೂ ಸರಿಯಾಗಿ ಭಾಗವಾಗುತ್ತದೆ. ಒಂದನ್ನು ಇಡಿಯಾಗಿ ಬಿಡಿ. ಉಳಿದವನ್ನು ಅರ್ಧ (12 ಸೆಂ.ಮೀ.), ಮೂರನೇ ಒಂದು (8), ಕಾಲು (6), ಆರನೇ ಒಂದು (4), ಎಂಟನೇ ಒಂದು (3), ಹನ್ನೆರಡನೇ ಒಂದು (2) ಎಂದು ತುಂಡು ಮಾಡಿ. ಮಡಚಿ ಹರಿಯುವುದಕ್ಕಿಂತ ಸ್ಕೇಲಿನಲ್ಲಿ ಅಳೆದು ಕತ್ತರಿಸುವುದು ಒಳ್ಳೆಯದು. ಮೂರು ಭಾಗವಾಗಿ ಮಡಚಿದ ಕಾಗದ ಬಹುತೇಕ ಓರೆಯಾಗಿರುತ್ತದೆ, ಓರೆ ತುಂಡಿನಿಂದ ಓರೆ ಪಾಠವೇ.

ಈಗ ಅರ್ಧದ ತುಂಡಿನ ಪಕ್ಕ ಮೂರನೇ ಒಂದರ ತುಂಡು ಇಡಿಸಿ: 20 ಸೆಂ.ಮೀ. ಅದರ ಕೆಳಗೆ ಆರನೇ ಒಂದರ ತುಂಡು ಜೋಡಿಸಿದರೆ ಐದು ಹಿಡಿಯುತ್ತವೆ, ಅಂದರೆ 5/6. ಆಮೇಲೆ ಕೇಳಿ, 2/5 ಎಂದರೆ ಎಷ್ಟುದ್ದ? 24ರ ಐದನೇ ಎರಡು ಭಾಗ 9.6 ಸೆಂ.ಮೀ. ಅರ್ಧದ ತುಂಡು ಒಂದೇ 12 ಇದೆ, ಅದಕ್ಕೆ ಇನ್ನಷ್ಟು ಕೂಡಿಸಿದ ಮೇಲೆ 9.6 ಆಗುವುದು ಹೇಗೆ? ಆ ಗೊಂದಲ ಮಗುವಿನ ಮುಖದಲ್ಲಿ ಕಾಣುವವರೆಗೆ ‘ಛೇದ ಒಂದೇ ಮಾಡಬೇಕು’ ಎಂಬ ನಿಯಮ ಹೇಳಬೇಡಿ.

ದಶಮಾಂಶಕ್ಕೆ ರೂಪಾಯಿ–ಪೈಸೆಯ ಲೆಕ್ಕ ಸಾಕು. 3.5 ರೂಪಾಯಿ ಎಂದರೆ ಮೂರೂವರೆ, 3 ರೂಪಾಯಿ 5 ಪೈಸೆ 3.05. 0.35ಕ್ಕಿಂತ 0.5 ದೊಡ್ಡದು.

ಗಡಿಯಾರ ಮತ್ತು ಅಳತೆ

ಏಳನೇ ಲೆಕ್ಕಕ್ಕೆ ‘1 ಗಂಟೆ 75 ನಿಮಿಷ’ ಎಂದು ಬಂದರೆ ಮಗು 1115ರಲ್ಲಿ 940 ಕಳೆದಿದೆ. ಗಂಟೆಯಿಂದ 100 ಸಾಲ ತಂದಿದೆ, ತರಬೇಕಾದದ್ದು 60 ತಾನೇ. ಹೊತ್ತಿನ ಲೆಕ್ಕವನ್ನು ಕಳೆಯದೆ ಜಿಗಿದು ಮಾಡಿಸಿ: 9.40ರಿಂದ 10ಕ್ಕೆ 20 ನಿಮಿಷ, 10ರಿಂದ 11ಕ್ಕೆ ಒಂದು ಗಂಟೆ, ಅಲ್ಲಿಂದ 15 ನಿಮಿಷ. ಒಟ್ಟು 1 ಗಂಟೆ 35 ನಿಮಿಷ. ಮುಳ್ಳಿನ ಗಡಿಯಾರ ನೋಡಿ ‘ಎರಡೂ ಮುಕ್ಕಾಲು’ ಎನ್ನುವ ಬದಲು 3.45 ಎಂದು ಬರೆಯುವವರಿಗೆ ಚಿಕ್ಕ ಮುಳ್ಳು 3ನ್ನು ಮುಟ್ಟಿಲ್ಲ, ಹತ್ತಿರ ಬಂದಿದೆ ಎಂದು ತೋರಿಸಿ.

6 ಸೆಂ.ಮೀ., 4 ಸೆಂ.ಮೀ. ಆಯತದ ಸುತ್ತಳತೆ 10 ಎಂದವರು ಚಿತ್ರದಲ್ಲಿ ಅಂಕಿ ಬರೆದ ಎರಡು ಬದಿ ಮಾತ್ರ ಕೂಡಿಸಿದ್ದಾರೆ. ನಾಲ್ಕೂ ಬದಿಗೆ ಅಂಕಿ ಬರೆದುಕೊಂಡೇ ಶುರು ಮಾಡಲಿ.

ಹೇಳಿಕೆ ಲೆಕ್ಕ: ‘ಹೆಚ್ಚು’ ಎಂದರೆ ಕೂಡುವುದಲ್ಲ

ಗೋಲಿ ಲೆಕ್ಕಕ್ಕೆ 63 ಬಂದಿದ್ದರೆ ತಪ್ಪು ಮಗುವಿನದಕ್ಕಿಂತ ಕಲಿಸಿದವರದ್ದು. ‘ಹೆಚ್ಚು ಅಂದರೆ ಕೂಡು, ಉಳಿದದ್ದು ಅಂದರೆ ಕಳೆ’ ಎಂಬ ಸೂತ್ರ ಹೇಳಿಕೊಟ್ಟವರು ಯಾರೋ ಇರುತ್ತಾರೆ. ಪ್ರಶ್ನೆ ಬರೆಯುವವರಿಗೂ ಅದು ಗೊತ್ತು. ಎರಡು ಅಡ್ಡಪಟ್ಟಿ ಬರೆಸಿ: ಸುಮಾಳದ್ದು ಉದ್ದ, ರಫೀಕನದ್ದು ಗಿಡ್ಡ, ನಡುವಿನ ವ್ಯತ್ಯಾಸ 18. ಯಾರದ್ದು ಉದ್ದ ಎಂದು ತೀರ್ಮಾನವಾದ ಮೇಲೆ 27 ತಾನಾಗಿ ಬರುತ್ತದೆ.

ಶೇಷದ ಲೆಕ್ಕಗಳನ್ನೂ ಬಿಡಬೇಡಿ. 130 ಮಕ್ಕಳ ಪ್ರವಾಸಕ್ಕೆ 45 ಸೀಟಿನ ಬಸ್ ಎಷ್ಟು ಬೇಕು? ಭಾಗಿಸಿದರೆ 2, ಶೇಷ 40. ಬೇಕಾದದ್ದು 3 ಬಸ್. ಉತ್ತರ ಬರೆಯುವ ಮುನ್ನ ಪ್ರಶ್ನೆಯ ಕೊನೆಯ ವಾಕ್ಯವನ್ನು ಬಾಯಿಬಿಟ್ಟು ಇನ್ನೊಮ್ಮೆ ಓದಿಸಿ.

ವಾರದ ಹಂಚಿಕೆ

ಮೊದಲ ಎರಡು ವಾರ ಸ್ಥಾನಬೆಲೆ ಮತ್ತು ಕಳೆಯುವುದು, ಮೂರನೆಯದು ಗುಣಾಕಾರ–ಭಾಗಾಕಾರ, ನಾಲ್ಕನೆಯದು ಭಿನ್ನರಾಶಿ–ದಶಮಾಂಶ, ಐದನೆಯದು ಹೊತ್ತು, ಅಳತೆ, ಹೇಳಿಕೆ ಲೆಕ್ಕ. ದಿನದ 40 ನಿಮಿಷದಲ್ಲಿ 5 ನಿಮಿಷ ಮಗ್ಗಿ ಚೀಟಿ, 20 ನಿಮಿಷ ಆ ವಾರದ ಪಾಠ, 10 ನಿಮಿಷ ಹಳೆಯದೆಲ್ಲ ಕಲಸಿದ ಆರು ಲೆಕ್ಕ, 5 ನಿಮಿಷ ತಪ್ಪಿನ ಪುಸ್ತಕ. ಕಲಸಿ ಕೊಡುವುದು ಮುಖ್ಯ. ಪುಟದ ತುಂಬ ಕಳೆಯುವ ಲೆಕ್ಕವೇ ಇದ್ದರೆ ಯಾವ ಲೆಕ್ಕ ಮಾಡಬೇಕೆಂದು ಮಗು ಯೋಚಿಸಬೇಕಾಗಿಯೇ ಇಲ್ಲ, ಸ್ಪರ್ಧೆಯಲ್ಲಿ ಅದನ್ನೇ ಯೋಚಿಸಬೇಕು. ತಪ್ಪಿನ ಪುಸ್ತಕದ ಎಡಪುಟದಲ್ಲಿ ತಪ್ಪಿದ ಲೆಕ್ಕ ಹಾಗೆಯೇ ಇರಲಿ, ಬಲಪುಟದಲ್ಲಿ ಸರಿ ಮಾಡಿದ್ದು, ಕೆಳಗೆ ಒಂದೇ ಸಾಲು: ‘ಹತ್ತರ ಮನೆಯಲ್ಲಿ 9 ಉಳಿದದ್ದು ಮರೆತೆ’.

ಆರನೇ ವಾರ ಹಳೆಯ ಪ್ರಶ್ನೆಪತ್ರಿಕೆ ಸಿಕ್ಕರೆ ಅದನ್ನೇ ಗಡಿಯಾರ ಇಟ್ಟು ಮಾಡಿಸಿ. ಮೊದಲ ಸುತ್ತಿನಲ್ಲಿ ಬರುವುದನ್ನು ಮುಗಿಸಿ, ಒಂದು ನಿಮಿಷ ದಾಟಿಯೂ ದಾರಿ ಕಾಣದ ಲೆಕ್ಕಕ್ಕೆ ಚುಕ್ಕೆ ಹಾಕಿ ಮುಂದೆ ಹೋಗುವುದನ್ನು ಇಲ್ಲೇ ರೂಢಿಸಬೇಕು. ಚಿತ್ತು ಹಾಳೆಯನ್ನು ನಾಲ್ಕು ಭಾಗ ಮಾಡಿ ಪ್ರತಿ ಲೆಕ್ಕಕ್ಕೂ ಪ್ರಶ್ನೆಯ ಸಂಖ್ಯೆ ಬರೆಯಲಿ. ಚಿತ್ತಿನಲ್ಲಿ 864 ಮಾಡಿ ಉತ್ತರದಲ್ಲಿ 846 ಬರೆದವರಿಗೆ ಅಂಕವಿಲ್ಲ.

ಹಿಂದಿನ ದಿನ ಹೊಸ ಲೆಕ್ಕ ಬೇಡ. ತಪ್ಪಿನ ಪುಸ್ತಕದ ಬಲಪುಟ ಮಾತ್ರ ಒಮ್ಮೆ ತಿರುವಿ ಹಾಕಲಿ. ಕೆತ್ತಿದ ಎರಡು ಪೆನ್ಸಿಲ್, ಸ್ಕೇಲು, ನೀರಿನ ಬಾಟಲಿ ಚೀಲಕ್ಕೆ ಹಾಕಿ. ಈ ಸಲ ರಬ್ಬರ್ ಕೂಡ ಇರಲಿ.